ಬಿ ಸೈಡು

"ಬಿ ಸೈಡು ಹಾಕಬೇಡಿ ಮಾಂಯ್!" ಎಂದು ವೆರೊನಿಕಾ ಅಡುಗೆಮನೆಯಿಂದಲೇ ಕೂಗಿದಳು. ಚಾವಡಿಯಲ್ಲಿ ಅವಳ ಅತ್ತೆ ಝೀಟಾಬಾಯಿ, ಕುವೈತಿನಿಂದ ಮಗ ಕಳಿಸಿದ ಕ್ಯಾಸೆಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಆಚೆ ಈಚೆ ತಿರುಗಿಸುತ್ತಿದ್ದರು.

"ನನಗೆ ಗೊತ್ತುಂಟು. ಒಮ್ಮೆ ಆದದ್ದು ಸಾಕು" ಎಂದರು ಅವರು.

ಒಮ್ಮೆ ಆದದ್ದನ್ನು ಇನ್ನಂಜೆಯ ಆ ಓಣಿಯವರು ಇನ್ನೂ ಮರೆತಿರಲಿಲ್ಲ. ಎರಡು ವರ್ಷದ ಹಿಂದೆ ಝೀಟಾಬಾಯಿ ಕ್ಯಾಸೆಟ್ಟನ್ನು ತಿರುವಿ ಹಾಕಿ ಗುಂಡಿ ಒತ್ತಿದಾಗ, ಮಗ ಸ್ಟ್ಯಾನಿಸ್ಲಾಸನ ಸ್ವರದ ಬದಲು ಕಿವಿ ಹರಿಯುವಂಥ ಕಿರುಚಾಟ ಕೇಳಿಸಿತ್ತು. ಮಗನಿಗೆ ಏನೋ ಆಗಿಹೋಯಿತೆಂದು ಅವರು ಎದೆ ಬಡಿದುಕೊಂಡರು. ಪಕ್ಕದ ಮನೆಯ ಸುಂದರಿ ಕಟ್ಟುತ್ತಿದ್ದ ಮಲ್ಲಿಗೆಯನ್ನು ಅಲ್ಲೇ ಎಸೆದು ಓಡಿ ಬಂದಳು. ಇಗರ್ಜಿಗೆ ಹನ್ನೆರಡು ಮೇಣದಬತ್ತಿಯ ಹರಕೆಯೂ ಆಗಿಹೋಯಿತು. ಆಮೇಲೆ ವೆರೊನಿಕಾ ನಗುವನ್ನು ತಡೆಯಲಾರದೆ ಹೇಳಿದ್ದಳು: ಅದು ಮಗನೂ ಅಲ್ಲ, ಭೂತವೂ ಅಲ್ಲ, ಕಂಪ್ಯೂಟರಿನ ಪ್ರೋಗ್ರಾಂ. ಮನುಷ್ಯರ ಕಿವಿಗೆ ಅದು ಹಾಗೆ ಕೇಳುತ್ತದೆ.

ಆ ಕಂಪ್ಯೂಟರನ್ನು ಸ್ಟ್ಯಾನಿಯೇ ರಜೆಗೆ ಬಂದಾಗ ತಂದಿದ್ದ. ಎಂಎಸ್‌ಎಕ್ಸ್ ಎಂದು ಅದರ ಜಾತಿ. ಕೀಬೋರ್ಡಿನೊಳಗೇ ಇಡೀ ಯಂತ್ರ, ಟಿವಿಗೆ ಸಿಕ್ಕಿಸಿದರೆ ಆಯಿತು. ಕೊಲ್ಲಿಯಲ್ಲಿ ಮಾರುವ ಸರಕಾದ್ದರಿಂದ ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕ ಅರಬ್ಬಿ ಅಕ್ಷರವೂ ಇತ್ತು. ಅಂಥದೇ ಇನ್ನೊಂದು ಅವನ ಹತ್ತಿರ ಕುವೈತಿನ ಕೋಣೆಯಲ್ಲಿ. ಟೈಪಿಂಗ್ ಲೋವರ್ ಪಾಸಾಗಿದ್ದ ವೆರೊನಿಕಾ ಎರಡೇ ತಿಂಗಳಲ್ಲಿ ಅವನಿಗಿಂತ ಚುರುಕಾಗಿ ಪ್ರೋಗ್ರಾಂ ಬರೆಯಲು ಕಲಿತಳು.

ಕ್ಯಾಸೆಟ್ಟಿನ ಎ ಸೈಡು ಊರಿಗೆಲ್ಲ. ಕೊಲ್ಲಿಗೆ ಹೋದವರ ಮನೆಗಳಲ್ಲಿ ನಡೆಯುವಂತೆಯೇ ಅತ್ತೆ, ನೆರೆಯವರು, ಹೂ ಕಟ್ಟಲು ಬಂದವರು ಸುತ್ತ ಕೂತು ಕೇಳಬೇಕು. ಅಷ್ಟು ಜನರ ನಡುವೆ ಗಂಡ ಹೆಂಡತಿಗೆ ಏನು ಹೇಳಿಯಾನು? 'ಆರೋಗ್ಯ ನೋಡಿಕೋ' ಎನ್ನುವಲ್ಲಿಗೆ ಮುಗಿಯಿತು. ಕಾಗದ ಬಂದರೂ ಅಷ್ಟೇ, ಝೀಟಾಬಾಯಿಯೇ ಒಡೆದು ಗಟ್ಟಿಯಾಗಿ ಓದಿಸುತ್ತಿದ್ದರು. ಬಿ ಸೈಡು ಮಾತ್ರ ವೆರೊನಿಕಾಳದು. ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಅವಳು ಟೇಪ್‌ರೆಕಾರ್ಡರಿನ ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಿ, ವಾಲ್ಯೂಮನ್ನು ಗುರುತಿಗೆಂದು ಹಚ್ಚಿದ್ದ ಉಗುರುಬಣ್ಣದ ಕೆಂಪು ಚುಕ್ಕೆಗೆ ತಿರುಗಿಸಿ ಕಾಯುವಳು. ತೇರ್ಸಿನ ಜಪಮಾಲೆಯ ಹತ್ತು ಮಣಿ ಜಪಿಸುವಷ್ಟರಲ್ಲಿ ಪ್ರೋಗ್ರಾಂ ಒಳಗೆ ಇಳಿಯುತ್ತಿತ್ತು. ಮೊದಲ ಬಾರಿ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಸಾಲು ಕೊಂಕಣಿ ಬಂದಿತ್ತು: ಊಟ ಮಾಡಿದೆಯಾ ವೆರೊ? ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಅಲ್ಲಿಂದ ಇಲ್ಲಿಗೆ ಇಪ್ಪತ್ತೊಂದು ಕ್ಯಾಸೆಟ್ಟು. ಅವುಗಳಲ್ಲಿ ಏನೇನಿತ್ತು ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತು.

ಇಂದಿನದು ಇಪ್ಪತ್ತೆರಡನೆಯದು. ಕಟ್ಟಿದ ಮಲ್ಲಿಗೆ ಒಯ್ಯುವ ಹೂವಿನ ಏಜೆಂಟ ಬಂದು ಹೋದ ಮೇಲೆ ಎಲ್ಲರೂ ಚಾವಡಿಯಲ್ಲಿ ಕೂತರು. ಸ್ಟ್ಯಾನಿಯ ದಪ್ಪ ಸ್ವರ ಹೊರಟಿತು.

"ಅಮ್ಮಾ, ನಾನು ಚೆನ್ನಾಗಿದ್ದೇನೆ. ಮೊಣಗಂಟಿಗೆ ಎಣ್ಣೆ ಹಚ್ಚುತ್ತೀಯಲ್ಲ? ಸುಂದರಿ, ನಿನ್ನ ದನ ಕರು ಹಾಕಿತಾ?"

"ಗಂಡು ಕರು ಮಾರಾಯ್ರೆ!" ಎಂದು ಸುಂದರಿ ಟೇಪ್‌ರೆಕಾರ್ಡರಿಗೇ ಉತ್ತರ ಕೊಟ್ಟಳು.

"ಡಿಸೆಂಬರಿನಲ್ಲಿ ಎರಡು ತಿಂಗಳು ರಜೆ ಸಿಕ್ಕಿತು. ಬರುವಾಗ ಪಿಸಿ ತರುತ್ತೇನೆ. ಈಗ ಲೋಕವೆಲ್ಲ ಪಿಸಿ. ಕಾಪು ಪೇಟೆಯಲ್ಲಿ ಒಂದು ರೂಮು ಹಿಡಿದು ಅಲ್ಲಿ ಇಡುವ, ವೆರೊನಿಕಾ ಹುಡುಗಿಯರಿಗೆ ಕಲಿಸಲಿ. ಇಲ್ಲಿದ್ದ ಹಳೆಯ ಯಂತ್ರ ಮಾರಿದೆ. ಮನೆಯದ್ದನ್ನು ಕಾರ್ಕಳದ ಮ್ಯಾಥ್ಯೂಗೆ ಕೊಡುತ್ತೇನೆಂದು ಬರೆದಿದ್ದೇನೆ. ಅವನ ಮಕ್ಕಳಿಗೆ ಆಡಲು ಆಗುತ್ತದೆ."

ಮ್ಯಾಥ್ಯೂ ಅವನ ಚಿಕ್ಕಪ್ಪನ ಮಗ. "ಒಳ್ಳೆಯದೇ ಆಯಿತು. ಆ ಕಿರುಚುವ ಪಿಶಾಚಿ ಮನೆಯಿಂದ ಹೋಗುತ್ತದೆ" ಎಂದು ಝೀಟಾಬಾಯಿ ಶಿಲುಬೆ ಗುರುತು ಹಾಕಿಕೊಂಡರು. ವೆರೊನಿಕಾಳ ಮನಸ್ಸೆಲ್ಲ ಬಿ ಸೈಡಿನ ಮೇಲಿತ್ತು. ಮಾರುವ ಮೊದಲು ಬರೆದಿರುತ್ತಾನೆ, ಅಲ್ಲಿ ಬಿಡಿಸಿ ಹೇಳಿರುತ್ತಾನೆ.

ಊಟವಾದ ಮೇಲೆ ಬಾಗಿಲು ಮುಂದೆ ಮಾಡಿ ಅವಳು ಕ್ಯಾಸೆಟ್ಟು ತಿರುವಿ ಹಾಕಿದಳು. ಹತ್ತು ಮಣಿ ಮುಗಿಯಿತು, ಇನ್ನೊಂದು ಹತ್ತು ಮುಗಿಯಿತು, ಪರದೆ ಹಾಗೇ ಇತ್ತು. ಕೊನೆಗೆ ತಂತಿ ಕಿತ್ತು ಕಿವಿಯಿಟ್ಟು ಕೇಳಿದಳು. ಬರೀ ಉಸ್ಸೆಂಬ ಸದ್ದು. ಟೇಪು ತುದಿ ಮುಟ್ಟಿ ಗುಂಡಿ ತಾನಾಗಿ ಮೇಲೆ ಹಾರಿತು. ಅವಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮುಂದಿನ ವಾರ ಮನೆಯವರ ಸರದಿ. ಉತ್ತರದ ಕ್ಯಾಸೆಟ್ಟಿಗೆ ಝೀಟಾಬಾಯಿ ಕಾಲು ಗಂಟೆ ಮೊಣಗಂಟಿನ ವಿಷಯ ಹೇಳಿದರು, ಸುಂದರಿ ಕರುವಿನ ಬಣ್ಣ ಹೇಳಿದಳು. ಟೇಪ್‌ರೆಕಾರ್ಡರು ವೆರೊನಿಕಾಳ ಮುಂದೆ ಬಂದಾಗ ಅವಳು, "ನನ್ನದು ಬಿ ಸೈಡಿನಲ್ಲಿ ಉಂಟು" ಎಂದಷ್ಟೇ ಹೇಳಿ ಗುಂಡಿ ಒತ್ತಿ ನಿಲ್ಲಿಸಿದಳು.

"ಅವನ ಹತ್ತಿರ ಆ ಮಿಷನು ಇಲ್ಲವಲ್ಲ, ಎಂತ ಕೇಳುತ್ತಾನೆ?" ಎಂದಳು ಸುಂದರಿ.

"ಕೇಳಬೇಕೆಂದು ಇದ್ದರೆ ಕೇಳಿಯಾರು."

ಡಿಸೆಂಬರ್ ಎರಡನೇ ವಾರ ಸ್ಟ್ಯಾನಿ ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ಬಂದಿಳಿದ. ಮಗುವನ್ನು ತೊಟ್ಟಿಲಿನಿಂದ ಎತ್ತುವಂತೆ ಎತ್ತಿ, ಪಿಸಿಯನ್ನು ಚಾವಡಿಯ ಮೇಜಿನ ಮೇಲಿಟ್ಟ. ಸ್ವಿಚ್ಚು ಹಾಕಿದ ಮೇಲೆ ಅದು ತುಂಬ ಹೊತ್ತು ಯೋಚಿಸಿ ಒಮ್ಮೆ 'ಟೀಂ' ಎಂದಿತು. ಕಪ್ಪು ಪರದೆಯಲ್ಲಿ ಹಸಿರು ಅಕ್ಷರಗಳು ಮೂಡಿದವು.

"ಇಷ್ಟೇನಾ?" ಎಂದು ಸುಂದರಿಗೆ ನಿರಾಸೆಯಾಯಿತು. ಝೀಟಾಬಾಯಿಗೆ ಮಾತ್ರ ಅದರ ಮರ್ಯಾದೆ ಬಹಳ ಹಿಡಿಸಿತು.

ರಾಶಿ ಬಿದ್ದ ಥರ್ಮೋಕೋಲನ್ನು ಹೆಕ್ಕುತ್ತಾ ವೆರೊನಿಕಾ ಕೇಳಿದಳು: "ನಮ್ಮ ಕ್ಯಾಸೆಟ್ಟು ಇದಕ್ಕೆ ಹಾಕಬಹುದಾ?"

"ಇದಕ್ಕೆ ಕ್ಯಾಸೆಟ್ಟೇ ಇಲ್ಲ, ಫ್ಲಾಪಿ. ಆ ಯಂತ್ರದ ಪ್ರೋಗ್ರಾಂ ಒಂದೂ ಇದರಲ್ಲಿ ಓಡುವುದಿಲ್ಲ. ಹಠ ಮಾಡಬೇಡ ವೆರೊ. ಅದರ ಕಾಲ ಮುಗಿಯಿತು. ಅಂಗಡಿಯಲ್ಲಿ ಅದಕ್ಕೊಂದು ತಂತಿ ಕೇಳಿದರೆ ನಗುತ್ತಾರೆ."

"ಹಾಗಾದರೆ ಇಪ್ಪತ್ತೊಂದು ಕ್ಯಾಸೆಟ್ಟು?"

"ಅದರಲ್ಲಿ ಎಂತ ಉಂಟು, ಹಳೆಯ ಮಾತು" ಎಂದುಬಿಟ್ಟ ಅವನು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರೂ ಆಡಿದ್ದು ಆಡಿಯಾಗಿತ್ತು.

"ಪಿಸಿ ಕಾಪುವಿನಲ್ಲಿ ಇರಲಿ, ನಾನು ಕಲಿಯುತ್ತೇನೆ, ಕಲಿಸುತ್ತೇನೆ" ಎಂದಳು ವೆರೊನಿಕಾ. "ಹಳೆಯ ಯಂತ್ರ ಇಲ್ಲಿಂದ ಹೋಗಬಾರದು. ನೀವೂ ಅಲ್ಲಿ ಅಂಥದೇ ಒಂದು ಹುಡುಕಿ. ಫೆಬ್ರವರಿಯಲ್ಲಿ ನೀವು ಮತ್ತೆ ಹೋಗುತ್ತೀರಿ. ಆಮೇಲೆ ನಾನು ಅತ್ತೆಯ ಎದುರು, ಸುಂದರಿಯ ಎದುರು, ಹೂವಿನ ಏಜೆಂಟನ ಎದುರು ನಿಮ್ಮ ಹತ್ತಿರ ಮಾತಾಡಬೇಕಾ?"

"ಮ್ಯಾಥ್ಯೂಗೆ ಮಾತು ಕೊಟ್ಟಾಗಿದೆ. ಭಾನುವಾರ ಜೀಪು ತರುತ್ತಾನೆ."

ಅವಳು ಥರ್ಮೋಕೋಲನ್ನು ಪೆಟ್ಟಿಗೆಗೆ ತುಂಬಿ ಎದ್ದು ಹೋದಳು. ನಾಲ್ಕು ದಿನ ಊಟಕ್ಕೆ ಕರೆದಳು, ನೀರು ಬಿಸಿಯಾಯಿತೆಂದಳು. ಬೇರೆ ಮಾತಿಲ್ಲ. ಇಬ್ಬರ ನಡುವೆ ಇದ್ದುದು ಇನ್ನು ಇಷ್ಟೇ ಆಗಿಬಿಡುತ್ತದೋ ಎಂದು ಅವಳಿಗೂ ಭಯವಾಗಿತ್ತು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದವನೇ ಸ್ಟ್ಯಾನಿ ಒಳಕೋಣೆಯ ಬಾಗಿಲಲ್ಲಿ ನಿಂತ. ಯಂತ್ರವನ್ನು ಪೆಟ್ಟಿಗೆಗೆ ಹಾಕಲು ಬಂದಿದ್ದಾನೆಂದು ವೆರೊನಿಕಾ ಅಂದುಕೊಂಡಳು. ಅವನು ಅಂಗಿಯ ಕಿಸೆಯಿಂದ ಒಂದು ಕ್ಯಾಸೆಟ್ಟು ತೆಗೆದ. ಅದರ ಮೇಲೆ ಅವಳದೇ ಅಕ್ಷರ.

"ಅಲ್ಲಿ ಹಾಕಿದಾಗ ರೂಮಿನ ಆರು ಜನವೂ ಕಿವಿ ಮುಚ್ಚಿಕೊಂಡು ನಕ್ಕರು" ಎಂದ. "ನನ್ನ ಯಂತ್ರ ಕೊಂಡವನನ್ನು ಹುಡುಕಿದೆ, ಅವನು ಊರು ಬಿಟ್ಟಿದ್ದ. ರಜೆಯ ದಿನವೆಂದು ಮೂರು ಶುಕ್ರವಾರ ತಿರುಗಿದೆ. ಅಂಥದು ಇದ್ದವನು ಒಬ್ಬನೂ ಸಿಗಲಿಲ್ಲ. ನೀನಾದರೂ ಹೇಳು, ಇದರಲ್ಲಿ ಎಂತ ಉಂಟು?"

"ಬಾಯಲ್ಲಿ ಹೇಳುವುದಾಗಿದ್ದರೆ ಎ ಸೈಡಿನಲ್ಲಿ ಹೇಳುತ್ತಿದ್ದೆ. ಯಂತ್ರ ಇಲ್ಲಿಯೇ ಉಂಟಲ್ಲ, ಹಾಕಿ ನೋಡಿ."

ಅವನು ಸ್ಟೂಲೆಳೆದು ಕೂತ. ಬೆರಳಿಗೆ ಪಿಸಿಯ ಅಭ್ಯಾಸವಾಗಿಹೋಗಿತ್ತು. ಏನೋ ಹೊಡೆದ, ಯಂತ್ರ ಎರರ್ ಎಂದಿತು. ಮತ್ತೊಂದು ಹೊಡೆದ, ಮತ್ತೆ ಎರರ್. ವೆರೊನಿಕಾ ಅವನ ಭುಜದ ಮೇಲಿಂದ ಕೈ ಚಾಚಿ ಸರಿಯಾದ ಐದು ಅಕ್ಷರ ಒತ್ತಿದಳು, ವಾಲ್ಯೂಮನ್ನು ಕೆಂಪು ಚುಕ್ಕೆಗೆ ತಂದಳು. ತಂತಿ ಸಡಿಲವಾಗಿದ್ದರಿಂದ ಕಿರುಚಾಟ ಹೊರಗೂ ಕೇಳಿತು. "ಏಸು ಮರಿಯಾ!" ಎಂದರು ಚಾವಡಿಯಲ್ಲಿ ಝೀಟಾಬಾಯಿ. ಅವಳು ತಂತಿಯನ್ನು ಒತ್ತಿ ಹಿಡಿದು ನಿಂತಳು. ಹತ್ತು ಮಣಿಯಷ್ಟು ಹೊತ್ತು ಕಳೆಯಿತು.

ನೀಲಿ ಪರದೆಯ ಮೇಲೆ ಬಿಳಿ ಸಾಲುಗಳು ಒಂದೊಂದಾಗಿ ಬಂದವು.

ಅಮ್ಮನ ಮೊಣಗಂಟು ಕೇಳಿದಿರಿ.
ಸುಂದರಿಯ ದನ ಕೇಳಿದಿರಿ.
ನಾನು ಬಾಗಿಲು ಹಾಕಿಕೊಂಡು ಕಾದೆ.
ನನಗೆ ಹೇಳಲು ಎಂತದೂ ಇರಲಿಲ್ಲವಾ

ಅದರ ಮುಂದೆ ಯಂತ್ರವೇ ಒಂದು ಪ್ರಶ್ನೆಚಿಹ್ನೆ ಹಾಕಿ, ಪಕ್ಕದಲ್ಲಿ ಬಿಳಿಯ ಚೌಕ ತೋರಿಸಿ ನಿಂತಿತು. ಉತ್ತರ ಬರೆಯದೆ ಅದು ಮುಂದೆ ಹೋಗುವಂತಿರಲಿಲ್ಲ. ಹಾಗೆಯೇ ಅವಳು ಬರೆದಿದ್ದಳು.

ಸ್ಟ್ಯಾನಿ ತಿರುಗಿ ಅವಳನ್ನು ನೋಡಿದ. ಅವಳು ತಂತಿ ಬಿಟ್ಟು, ಕೋಣೆಯಿಂದ ಹೊರಗೆ ಬಂದು ಬಾಗಿಲನ್ನು ಮುಂದೆ ಮಾಡಿದಳು.

ಅಂಗಳದಲ್ಲಿ ಜೀಪಿನ ಹಾರ್ನು ಕೇಳಿತು. "ಪುತಾ, ಮ್ಯಾಥ್ಯೂ ಬಂದ" ಎಂದು ಝೀಟಾಬಾಯಿ ಕೂಗಿದರು.

"ಕೂತುಕೊಳ್ಳಲು ಹೇಳಮ್ಮಾ. ನನಗೆ ಸ್ವಲ್ಪ ಹೊತ್ತುಂಟು."

ವೆರೊನಿಕಾ ಚಾವಡಿಯಲ್ಲಿ ಸುಂದರಿಯ ಪಕ್ಕ ಕೂತು, ಉಳಿದಿದ್ದ ಮೊಗ್ಗುಗಳನ್ನು ಬಾಳೆನಾರಿಗೆ ಕಟ್ಟತೊಡಗಿದಳು. ಒಳಗೆ ಒಂದು ಕೀಲಿ ಟಕ್ಕೆಂದಿತು. ತುಂಬ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಒಂದರ ಹಿಂದೆ ಒಂದು ಬರತೊಡಗಿದವು.

"ಎಂತ ಮಾಡುತ್ತಾನೆ ಅವನು?" ಎಂದ ಮ್ಯಾಥ್ಯೂ.

"ಯಾರಿಗೆ ಗೊತ್ತು! ನೀವು ಕಾಫಿ ಕುಡಿಯಿರಿ" ಎಂದಳು ಸುಂದರಿ.

ಮ್ಯಾಥ್ಯೂ ಒಂದು ಲೋಟ ಕುಡಿದ. ಕೀಲಿಗಳ ಸದ್ದು ನಿಲ್ಲಲಿಲ್ಲ. ಎರಡನೆಯದನ್ನೂ ಕುಡಿದು ಒಮ್ಮೆ ಮುಚ್ಚಿದ ಬಾಗಿಲನ್ನು, ಒಮ್ಮೆ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದ ವೆರೊನಿಕಾಳನ್ನು ನೋಡಿದ. ಮತ್ತೆ ಅಂಗಳಕ್ಕಿಳಿದು, ಯಂತ್ರ ಒಯ್ಯಲೆಂದು ತೆರೆದಿಟ್ಟಿದ್ದ ಜೀಪಿನ ಹಿಂಬಾಗಿಲನ್ನು ಹಾಕಿದ.