ಒಂದೇ ಮನೆ, ಒಂದೇ ಗುಂಪು

ಚಂಡಮಾರುತ ಬಂದು ಕಾಲೇಜಿನ ಒಂದು ಕಟ್ಟಡದ ಮಾಡನ್ನು ಹೊತ್ತುಕೊಂಡು ಹೋಯಿತು. ಅದಕ್ಕೆ ಬೇಕಾದದ್ದು ಒಂದೇ ಗಾಳಿ. ಆಮೇಲಿನ ವೇಳಾಪಟ್ಟಿ ಮಾತ್ರ ಮುಗಿಯದ ಕರ್ಮವಾಗಿ ಕಲೊಲೈನೆಯ ಕೊರಳಿಗೆ ಬಿತ್ತು. ದ್ವೀಪನಾಡಿನ ರಾಜಧಾನಿ ನುಕುಅಲೋಫಾದ ಆ ಸಣ್ಣ ಕಲಾ ಕಾಲೇಜಿನಲ್ಲಿ ಇತಿಹಾಸ, ಸಾಹಿತ್ಯ, ಹಳೆಯ ಹಾಡು, ಎಲ್ಲಕ್ಕೂ ಅವಳೇ ಮುಖ್ಯಸ್ಥೆ. ಈಗ ಪಾಠಕ್ಕೆಂದು ಉಳಿದದ್ದು ಒಂದು ಸಭಾಂಗಣ. ಅರ್ಧ ಮಕ್ಕಳು ಒಂದು ವಾರ ಬೆಳಿಗ್ಗೆ ಅಲ್ಲಿಗೆ ಬರಬೇಕು, ಉಳಿದವರು ಮಧ್ಯಾಹ್ನ ಮನೆಯಲ್ಲಿ ಕೂತು ಅದೇ ಪಾಠವನ್ನು ಫೋನಿನಲ್ಲಿ ಕೇಳಬೇಕು. ಮರುವಾರ ಅದಲು ಬದಲು. ಹೇಳುವವರಿಗೆ ಸುಲಭ. ಬರೆದು ಅಳಿಸಿ, ಅಳಿಸಿ ಬರೆದು, ಕಲೊಲೈನೆಗೆ ಈಗೀಗ ಊಟವೂ ರುಚಿಸುತ್ತಿರಲಿಲ್ಲ.

ಪ್ರಾಂಶುಪಾಲ ಫೆಲೆತಿ ಇಟ್ಟ ನಿಯಮ ಒಂದೇ: ಒಂದು ಮನೆಯ ಮಕ್ಕಳು ಒಂದೇ ಗುಂಪಿನಲ್ಲಿರಲಿ, ಒಂದೇ ಬಸ್ಸಿನಲ್ಲಿ ಬರಲಿ, ಹೋಗಲಿ. ಯಾರಾದರೂ ತಲೆದೂಗುವ ಮಾತು. ಕಲೊಲೈನೆಯೂ ತಲೆದೂಗಿದ್ದಳು. ಹೂವಿನ ಹಾಡುಗಳ ಪಾಠ ಬರುವವರೆಗೆ ಅದರ ಹುಳುಕು ಅವಳಿಗೂ ಕಾಣಲಿಲ್ಲ.

ಹೂವಿನ ಹಾಡೆಂದರೆ ಪ್ರೇಮದ ಹಾಡು. ಒಲಿದವಳನ್ನು ಹೂವೆಂದು ಕರೆದು, ಅವಳ ಪರಿಮಳಕ್ಕೆ ಹಂಬಲಿಸಿ, ನಿದ್ದೆಗೆಟ್ಟು ಹಾಡಿದ್ದು. ಆ ನಾಡಿನಲ್ಲಿ ಒಡಹುಟ್ಟಿದ ಗಂಡು ಹೆಣ್ಣು ಒಂದೇ ಸೂರಿನಡಿ ಕೂತು ಅದನ್ನು ಕೇಳುವುದುಂಟೇ? ಚಂಡಮಾರುತಕ್ಕೆ ಮೊದಲು ಪಾಠಕ್ಕೆ ಎರಡು ಕೋಣೆಗಳಿದ್ದವು. ಅಣ್ಣ ಒಂದರಲ್ಲಿ, ತಂಗಿ ಇನ್ನೊಂದರಲ್ಲಿ. ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲ ನಡೆದುಹೋಗುತ್ತಿತ್ತು.

ಆ ಮಧ್ಯಾಹ್ನ ಕಲೊಲೈನೆ ಪಾಠ ಶುರುಮಾಡಿ ಪರದೆ ನೋಡಿದರೆ, ಕೆಪುಯೆಲಿ ಮತ್ತು ಅವನ ತಂಗಿ ಸೆಯಿನಿ ಇರಬೇಕಾದ ಚೌಕದಲ್ಲಿ ಅವರ ಅಜ್ಜಿ ಕೂತು ಚಾಪೆ ಹೆಣೆಯುತ್ತಿದ್ದಳು.

"ಮಕ್ಕಳೆಲ್ಲಿ ಅಜ್ಜಿ?"

"ತಂಗಿ ಕೇಳ್ಲಿ ಅಂತ ಅವ್ನು ಆಚೆ ಹೋದ. ಅಣ್ಣ ಕೇಳ್ಲಿ ಅಂತ ಇವ್ಳು ಹಿತ್ತಲಿಗೆ ಹೋದ್ಲು. ನೀನು ಹೇಳು ಮಗಾ, ನಾನಿದೀನಲ್ಲ. ನಂಗೂ ಹೊತ್ತು ಹೋಗಲ್ಲ."

ಮಿಕ್ಕ ಮಕ್ಕಳು ನಕ್ಕರು. ಕಲೊಲೈನೆಯೂ ನಕ್ಕಳು. ಆದರೆ ಹಾಜರಿಗೆ ಅಜ್ಜಿ ನಡೆಯುವುದಿಲ್ಲ. ಮುಂದಿನ ಪಾಠಗಳಲ್ಲೂ ಇದೇ ಹಾಡು. ಸಭಾಂಗಣದ ವಾರದಲ್ಲೂ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಜಗಲಿಯಲ್ಲಿ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವಂತಿಲ್ಲ, ಅದು ಇಬ್ಬರಿಗೂ ಕೊನೆಯ ವರ್ಷ.

ಸೆಯಿನಿಯೇ ಒಂದು ದಿನ ಬಂದು ಬಾಗಿಲಲ್ಲಿ ನಿಂತಳು. ತರಗತಿಯಲ್ಲೆಲ್ಲ ಹಾಡಿನ ಒಳಗುಟ್ಟು ಹಿಡಿಯುವವಳು ಅವಳೊಬ್ಬಳೇ.

"ಮಿಸ್, ನಾನು ಬಿಟ್ಬಿಡ್ತೀನಿ. ಅಣ್ಣ ಆದ್ರೂ ಪಾಸಾಗ್ಲಿ."

"ಅವ್ನೇನಂತಾನೆ?"

"ಅವ್ನ ಹತ್ರ ಇದನ್ನ ಹೇಗೆ ಮಿಸ್ ಮಾತಾಡ್ಲಿ?"

"ಒಂದು ವಾರ ತಡಿ. ಅಧ್ಯಾಪಕರ ಸಭೇಲಿ ಮಾತಾಡ್ತೀನಿ" ಎಂದಳು ಕಲೊಲೈನೆ. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೇ ದಿಗಿಲಾಯಿತು. ಯಾಕೆಂದರೆ ಪ್ರಾಂಶುಪಾಲ ಫೆಲೆತಿ ಅವಳ ಒಡಹುಟ್ಟಿದ ತಮ್ಮ.

ದೊಡ್ಡವರಾದ ಮೇಲೆ, ನಾಡಿನ ಕಟ್ಟಳೆಯಂತೆ, ಅವರಿಬ್ಬರು ಹರಟಿದ್ದಿಲ್ಲ, ಎದುರುಬದುರು ಕೂತು ನಕ್ಕದ್ದಿಲ್ಲ. ಕಾಲೇಜಿನ ವ್ಯವಹಾರವೆಲ್ಲ ಗುಮಾಸ್ತೆ ಪಿಸಿಲಾಳ ಬಾಯಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ಇದನ್ನೂ ಅವಳ ಕೈಲೇ ಹೇಳಿಸಿ ನೋಡಿದಳು. ಪಿಸಿಲಾ ಹೋದಷ್ಟೇ ಬೇಗ ತಿರುಗಿ ಬಂದಳು.

"'ನಿಮ್ಮಕ್ಕ, ಹೂವಿನ ಹಾಡಿನ ವಿಷಯ' ಅಂತ ನಾನು ಅಂದಿದ್ದೇ ತಡ, ಸಾಕು ಸಾಕು ಅಂತ ಸರ್ ಕೈ ಎತ್ತಿಬಿಟ್ರು. ಕಿವಿಯೆಲ್ಲ ಕೆಂಪು! ನಿಯಮ ಬದಲಾಯ್ಸೋದಾದ್ರೆ ಕಾರಣ ಸಭೇಲೇ ಹೇಳ್ಬೇಕಂತೆ. ಅಲ್ಲಾ ಮಿಸ್, ಮದ್ದಲೆ ಥರ ಎರಡೂ ಕಡೆ ಏಟು ನಂಗೇನಾ?"

"ಹೋಗೇ ಮಾರಾಯ್ತಿ, ಕೆಲ್ಸ ನೋಡು" ಎಂದು ಕಲೊಲೈನೆ ಪಂಖದ ಕೆಳಗೆ ತಲೆಯಿಟ್ಟು ಕೂತಳು. ಸೆಕೆಯಲ್ಲಿ ಬೇಯುತ್ತಿದ್ದ ಅವಳ ಕೋಣೆಗೆ ಹೋದ ತಿಂಗಳಷ್ಟೇ ಆ ಪಂಖ ಬಂದಿತ್ತು. ಯಾರು ಕಳಿಸಿದರೆಂದು ಕೇಳುವಷ್ಟು ತ್ರಾಣವೂ ಆಗ ಅವಳಲ್ಲಿರಲಿಲ್ಲ.

ಸಭೆಯ ದಿನ ಅಧ್ಯಾಪಕರೆಲ್ಲ ಸಭಾಂಗಣದಲ್ಲಿ ಸೇರಿದರು. ಫೆಲೆತಿ ಮೇಜಿನ ಆ ತುದಿ, ಕಲೊಲೈನೆ ಈ ತುದಿ. ಬಸ್ಸಿನ ಮಾತಾಯಿತು, ನೀರಿನ ಮಾತಾಯಿತು. ಅವಳ ಸರದಿ ಬಂದಾಗ ಎದ್ದು ನಿಂತಳು.

"ಸೆಯಿನಿ, ಕೆಪುಯೆಲಿ. ಇವರಿಬ್ಬರನ್ನ ಬೇರೆ ಬೇರೆ ಗುಂಪಿಗೆ ಹಾಕ್ಬೇಕು."

"ಕಾರಣ?" ಎಂದ ಗಣಿತದವನೊಬ್ಬ. ಅವನು ಹೊರದೇಶದಲ್ಲಿ ಓದಿ ಮೊನ್ನೆಯಷ್ಟೇ ಮರಳಿದವನು.

"ಆ ಹಾಡು..." ಎಂದಳು ಕಲೊಲೈನೆ. ಇಷ್ಟು ವರ್ಷ ಇದೇ ಹಾಡುಗಳನ್ನು ಊರ ಮಕ್ಕಳಿಗೆಲ್ಲ ಬಿಡಿಸಿ ಹೇಳಿದ ಬಾಯಿ ತಮ್ಮನ ಎದುರಲ್ಲಿ ಒಣಗಿಹೋಯಿತು. ಸಾಕಪ್ಪಾ, ಕೂತುಬಿಡೋಣ ಎನ್ನಿಸಿತು. ಕೂತರೆ ಸೆಯಿನಿಯ ಓದು ಅಲ್ಲಿಗೆ ಮುಗಿಯಿತು. ಕೂರಲಾರದೆ, ಮಾತಾಡಲಾರದೆ ಅವಳು ಮೇಜಿನ ಅಂಚು ಹಿಡಿದು ನಿಂತೇ ಇದ್ದಳು.

ಕುರ್ಚಿ ಸರಿದ ಸದ್ದಾಯಿತು. ಫೆಲೆತಿ ಎದ್ದಿದ್ದ. ಅವಳತ್ತ ನೋಡದೆ ಪಿಸಿಲಾಳಿಗೆ ಹೇಳಿದ:

"ನಾನು ಆಚೆ ಇರ್ತೀನಿ. ಅಕ್ಕ ಏನು ಹೇಳ್ತಾಳೋ ಅದಕ್ಕೆ ನನ್ನ ಒಪ್ಪಿಗೆ ಇದೆ ಅಂತ ಬರ್ಕೋ."

ಮೆಟ್ಟಿಲಿಳಿದು ಅಂಗಳದಲ್ಲಿ, ಮಾತು ಕೇಳಿಸದಷ್ಟು ದೂರ ಹೋಗಿ, ಬೆನ್ನು ತಿರುಗಿಸಿ ನಿಂತ. ಆ ಬೆನ್ನು ಕಲೊಲೈನೆಗೆ ಗೊತ್ತಿತ್ತು. ಹುಡುಗನಾಗಿದ್ದಾಗ, ಅಕ್ಕ ದೊಡ್ಡವಳಾದಳು, ಇನ್ನು ನೀನು ಹುಡುಗರ ಗುಡಿಸಲಲ್ಲಿ ಮಲಗು ಎಂದು ಅಪ್ಪ ಹೇಳಿದ ಸಂಜೆ, ಚಾಪೆ ಸುತ್ತಿಕೊಂಡು ಅವನು ಹೀಗೇ ಅಂಗಳ ದಾಟಿ ಹೋಗಿದ್ದ. ತಿರುಗಿ ನೋಡಿರಲಿಲ್ಲ. ಅವತ್ತು ಅವಳು ತುಂಬಾ ಅತ್ತಿದ್ದಳು.

ಅವಳು ಮಾತಾಡಿದಳು. ಹಾಡು, ಅಜ್ಜಿ, ಜಗಲಿ, ಎಲ್ಲವನ್ನೂ ಹೇಳಿದಳು. ಗಣಿತದವನು ತಲೆ ತಗ್ಗಿಸಿ, ನಂಗೂ ತಂಗಿ ಇದಾಳೆ, ಹೊಳೀಲೇ ಇಲ್ಲ ಎಂದ. ಸೆಯಿನಿ ಮೊದಲ ಗುಂಪಿಗೆ, ಕೆಪುಯೆಲಿ ಎರಡನೆಯದಕ್ಕೆ ಎಂದು ಬರೆದಾಯಿತು. ತಪ್ಪಿದ ಪಾಠಗಳನ್ನು ಇಬ್ಬರಿಗೂ ಬೇರೆ ಬೇರೆಯಾಗಿ ತಾನೇ ಮಾಡಿ ಹಾಜರಿ ತುಂಬುತ್ತೇನೆಂದು ಕಲೊಲೈನೆ ಒಪ್ಪಿಕೊಂಡಳು. ಇನ್ನಷ್ಟು ಕೆಲಸ. ಇರಲಿ.

ಕಿಟಕಿಯಾಚೆ ಫೆಲೆತಿ ಬಿಸಿಲಿನಲ್ಲಿ ಬೆವರುತ್ತ ನಿಂತೇ ಇದ್ದ. ಬೇರೆಯವರ ಸರದಿಯ ಮಾತಿನ್ನೂ ಬಾಕಿಯಿತ್ತು. ಅವನನ್ನು ಕರೆಯುವುದು ಯಾರಿಗೂ ನೆನಪಾಗಿರಲಿಲ್ಲ.

"ಪಿಸಿಲಾ, ಮುಗೀತು ಅಂತ ಹೇಳು. ಮೊದ್ಲು ಒಂದು ಲೋಟ ನೀರು ಕೊಡು" ಎಂದು ಕಲೊಲೈನೆ ಪಿಸುಗುಟ್ಟಿದಳು. "ನಾನು ಕಳಿಸಿದ್ದು ಅನ್ಬೇಡ."

ಪಿಸಿಲಾ ಲೋಟ ಎತ್ತಿಕೊಂಡು ನಿಟ್ಟುಸಿರು ಬಿಟ್ಟಳು.

"ನಿಮ್ಮ ಕೋಣೆಗೆ ಆ ಪಂಖ ತರಿಸಿದಾಗ ಅವರೂ ಇದೇ ಅಂದಿದ್ರು ಮಿಸ್."