ಎರಡು ತೂತಿನ ಕಚ್ಚು

"ಈ ಎರಡು ತೂತು ಎಂತದಕ್ಕೆ ಸೇಸಪ್ಪ?"

ವಕೀಲೆ ಉರ್ಸುಲಾ ಬಲೆಯ ಹಗ್ಗವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಕಚ್ಚನ್ನು ಮೇಜಿನ ಮೇಲಿಟ್ಟು ಪೆನ್ಸಿಲಿನ ತುದಿಯಿಂದ ತೋರಿಸಿದಳು. ಹಂಪನಕಟ್ಟೆಯ ಆ ಮಾಳಿಗೆಯ ಕೋಣೆಯ ಕೆಳಗೆ ಅಚ್ಚುಕೂಟವಿತ್ತು. ಯಂತ್ರ ತಿರುಗಿದಾಗಲೆಲ್ಲ ಮೇಜಿನ ಮೇಲಿನ ಶಾಯಿಕುಡಿಕೆ ಸಣ್ಣಗೆ ನಡುಗುತ್ತಿತ್ತು. ಕುರ್ಚಿಯ ಅಂಚಿನಲ್ಲಿ ಕೂತಿದ್ದ ಸೇಸಪ್ಪ ಎಡಗೈ ಚಾಚಿ ಅದನ್ನು ಎತ್ತಿಕೊಂಡ. ಬಲಗೈಯ ಮೂರು ಬೆರಳು ಮಡಚಿಕೊಂಡೇ ಇರುತ್ತಿದ್ದವು, ಬಿಚ್ಚುತ್ತಿರಲಿಲ್ಲ. ತೂತುಗಳನ್ನು ನೋಡುತ್ತಲೇ ಅವನಿಗೆ ನಗು ಬಂತು. ತನ್ನ ಊರು ಬೆಂಗ್ರೆಯಿಂದ ಹೊರಟ ಮೇಲೆ ಅದು ಮೊದಲ ನಗು.

"ಅದು ತೂತಲ್ಲ ಬಾಯಮ್ಮ, ಹೊಲಿಗೆ."

"ಹೊಲಿಗೆಯಾ?"

"ನಮ್ಮ ಹಳೇ ದೋಣಿಗೆ ಮೊಳೆ ಇಲ್ಲ. ಹಲಗೆಗೆ ತೂತು ಕೊರೆದು ಹುರಿಯಿಂದ ಹೊಲಿಯುವುದು. ಹಾಗಿದ್ದ ಒಂದು ದೋಣಿ ಒಡೆದಾಗ ಅದರ ಹಲಗೆಯಲ್ಲಿ ನಾನು ಮೊದಲನೇ ಕಚ್ಚು ಕೆತ್ತಿದ್ದು. ಹೊಲಿಗೆಯ ತೂತು ಎರಡು ಅದರಲ್ಲಿ ಉಳಿಯಿತು. ಕೆಲಸಕ್ಕೆ ಅದು ಬೇಡ. ನಾನು ಮುಚ್ಚಲಿಕ್ಕೆ ಹೋಗಲಿಲ್ಲ, ಅಷ್ಟೇ."

ಪಕ್ಕದ ಕುರ್ಚಿಯಲ್ಲಿದ್ದ ಬಂದರಿನ ಹಗ್ಗದ ವ್ಯಾಪಾರಿ ಅಬ್ದುಲ್ ರಹ್ಮಾನ್ ತೊಡೆ ತಟ್ಟಿದರು. ಸೇಸಪ್ಪನನ್ನು ಇಲ್ಲಿಗೆ ಎಳೆದು ತಂದವರು ಅವರೇ. "ಕದಿಯುವವ ತೂತನ್ನಾದರೂ ಬಿಡಬಾರದಾ ಮಾರಾಯ!"

ಉರ್ಸುಲಾ ನಗಲಿಲ್ಲ. ಕಲ್ಕತ್ತಾದ ಪೇಟೆಂಟ್ ಆಫೀಸಿನಿಂದ ತರಿಸಿದ ಅಚ್ಚಿನ ಹಾಳೆಯನ್ನು ಬಿಡಿಸಿ, ಇಂಗ್ಲಿಷನ್ನು ಕನ್ನಡ ಮಾಡುತ್ತ ನಿಧಾನವಾಗಿ ಓದಿದಳು. "'ಸಮುದ್ರದ ನೀರು ಬಸಿದು ಹೋಗಲು ವಿಶೇಷವಾಗಿ ರಚಿಸಿದ ಎರಡು ರಂಧ್ರಗಳು.' ಹೀಗೆ ಬರೆದಿದ್ದಾರೆ. ಕಂಡುಹಿಡಿದವರು ಅಂತ ಸ್ಟೋರಿನ ಧಣಿಗಳ ಹೆಸರು ಉಂಟು."

ರಂಪಣಿ ಬಲೆ ಎಂದರೆ ಸಮುದ್ರದ ಒಂದು ತುಂಡನ್ನೇ ಸುತ್ತುವ ಬಲೆ. ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ನೂರು ಮಂದಿ ಅರ್ಧ ದಿನ ಎಳೆಯಬೇಕು. ಒದ್ದೆಯಾದ ತೆಂಗಿನ ನಾರಿನ ಹಗ್ಗ ಅಂಗೈಯ ಚರ್ಮವನ್ನು ಉಳಿಸುವುದಿಲ್ಲ. ಏಳು ವರ್ಷದ ಹಿಂದೆ ಆ ಹಗ್ಗ ಸೇಸಪ್ಪನ ಬಲಗೈಗೆ ಸುತ್ತಿಕೊಂಡು ನರ ಕಡಿದಿತ್ತು. ಕೈ ಹೋದವನಿಗೆ ಅರ್ಧ ಪಾಲು ಎಂದು ರಂಪಣಿಯ ತಂಡ ನಡೆಸುವ ಗುರಿಕಾರ ಹೇಳಿದ, ಕಟ್ಟಳೆಯೇ ಹಾಗಿತ್ತು. ದಡದಲ್ಲಿ ಮೀನನ್ನು ಪಾಲು ಹಾಕುವಾಗ ಅವನ ರಾಶಿ ಸಣ್ಣ ಹುಡುಗರ ರಾಶಿಯ ಪಕ್ಕ ಬೀಳತೊಡಗಿತು. ಆಗ ಅವನಿಗೆ ಮೂವತ್ತೆಂಟು.

ಎರಡು ವರ್ಷ ಅದನ್ನು ನುಂಗಿದ. ಮೂರನೆಯ ಮಳೆಗಾಲದಲ್ಲಿ, ದೋಣಿಗಳೆಲ್ಲ ದಡದಲ್ಲಿ ಮಗುಚಿ ಬಿದ್ದಿದ್ದಾಗ, ಉಳಿ ಹಿಡಿದು ಕೂತ. ಅಂಗೈಯಷ್ಟು ಮರ, ಅದರಲ್ಲಿ ಹಗ್ಗ ಕೂರುವ ಓಣಿ, ಓಣಿಯೊಳಗೆ ಮರದ ನಾಲಗೆ. ನಾಲಗೆಯನ್ನು ಸೊಂಟದ ಪಟ್ಟಿಗೆ ಕಟ್ಟಿ ಹಿಂದಕ್ಕೆ ವಾಲಿದರೆ ಅದು ಹಗ್ಗವನ್ನು ಕಚ್ಚುತ್ತದೆ, ಮುಂದೆ ಬಾಗಿದರೆ ಬಿಡುತ್ತದೆ. ಕೈಯ ಕೆಲಸವನ್ನು ಸೊಂಟ ಮಾಡುತ್ತದೆ. ಮೂರು ಸಲ ನಾಲಗೆ ಮುರಿಯಿತು. ನಾಲ್ಕನೆಯದು ನಿಂತಿತು. ಆ ಹಂಗಾಮಿನಲ್ಲಿ ಅವನು ಹಗ್ಗದ ತಲೆಯಲ್ಲಿ ನಿಂತು ಎಳೆದ, ಪೂರ್ತಿ ಪಾಲು ತಗೊಂಡ. ನೋಡಿದವರು ಒಬ್ಬೊಬ್ಬರಾಗಿ ತಮಗೂ ಕೆತ್ತಿಕೊಂಡರು.

ಎರಡು ಹಂಗಾಮಿನ ನಂತರ ಬಂದರಿನ ಧಕ್ಕೆಯ ಬಳಿ ಬಲೆ, ಲಂಗರು, ಲಾಟೀನು ಮಾರುವ ಸ್ಟೋರಿನ ಧಣಿಗಳು ಬೆಂಗ್ರೆಗೆ ಬಂದಿದ್ದರು. ಕೊಡೆ ಹಿಡಿಸಿಕೊಂಡು ನಿಂತು ರಂಪಣಿ ನೋಡಿದರು. "ಒಳ್ಳೆದುಂಟು ಇದು, ಒಮ್ಮೆ ಕೊಡು" ಎಂದು ಒಯ್ದು, ನಾಲ್ಕು ದಿನ ಬಿಟ್ಟು ಒಂದು ಪೊಟ್ಟಣ ಬಿಸ್ಕತ್ತಿನ ಜೊತೆ ವಾಪಸು ಕಳಿಸಿದರು. ಈಗ ಕಬ್ಬಿಣದ ಕಚ್ಚು ಸ್ಟೋರಿನಲ್ಲಿ ಸಾಲಾಗಿ ತೂಗುತ್ತಿತ್ತು. ಧಕ್ಕೆಯ ಗೋಡೆಯಲ್ಲಿ ನೋಟೀಸೂ ಇತ್ತು: ಇನ್ನು ಮುಂದೆ ಮರದ ಕಚ್ಚನ್ನು ಯಾರೂ ಮಾಡಕೂಡದು, ಬಳಸಕೂಡದು, ತಪ್ಪಿದವರನ್ನು ಕೋರ್ಟಿಗೆ ಎಳೆಯಲಾಗುವುದು. ಸಮುದ್ರಕ್ಕೆ ಬೇಲಿ ಹಾಕಲು ಆಗದವರು ಹಗ್ಗಕ್ಕೆ ಹಾಕಿದ್ದರು. ಕಬ್ಬಿಣದ್ದನ್ನು ಕೊಳ್ಳಲು ಆಗದವನು ಬರಿಗೈಯಲ್ಲಿ ಎಳೆಯಬೇಕು. ಸೇಸಪ್ಪ ಅದೇ ಹುಡುಗರ ರಾಶಿಯ ಪಕ್ಕಕ್ಕೆ ಹೋಗಬೇಕು.

"ಪೇಟೆಂಟು ಅಂದರೆ ಎಂತ ಬಾಯಮ್ಮ? ಜಾಗದ ಪಟ್ಟೆಯ ಹಾಗೆಯಾ?" ದೋಣಿಯಲ್ಲಿ ಬರುವಾಗ ಬೆರಳು ಮಡಚಿ ಲೆಕ್ಕ ಹಾಕಿಟ್ಟುಕೊಂಡ ಪ್ರಶ್ನೆಗಳನ್ನು ಅವನು ಒಂದೊಂದಾಗಿ ಬಿಚ್ಚಿದ.

"ಹೆಚ್ಚುಕಡಿಮೆ. ಆದರೆ ಹದಿನಾರು ವರ್ಷಕ್ಕೆ ಮಾತ್ರ. ಅಷ್ಟು ವರ್ಷ ಅವರ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಮಾಡುವ ಹಾಗಿಲ್ಲ."

"ಧಣಿಗಳಿಗೆ ಸಿಕ್ಕಿ ಆಯಿತಾ?"

"ಇಲ್ಲ. ಅರ್ಜಿ ಒಪ್ಪಿ ಗಜೆಟಿನಲ್ಲಿ ಹಾಕಿದ್ದಾರೆ. ತಕರಾರು ಇರುವವರು ನಾಲ್ಕು ತಿಂಗಳೊಳಗೆ ಹೇಳಬೇಕು. ಮೂರು ಕಳೆಯಿತು. ಆ ನೋಟೀಸು ಬರೀ ಹೆದರಿಸಲಿಕ್ಕೆ."

"ನನಗೆ ಓದು ಬರಹ ಇಲ್ಲ. ನನ್ನ ಹೆಸರಿಗೆ ಕೊಡ್ತಾರಾ?"

"ಓದು ಬಾರದವನಿಗೆ ಕೊಡಬಾರದು ಅಂತ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಮೊದಲು ಕಂಡುಹಿಡಿದವನಿಗೆ ಕೊಡಬೇಕು ಅಂತ ಉಂಟು."

ಸೇಸಪ್ಪ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂತ. ಕುರ್ಚಿಗೆ ಬೆನ್ನಿದೆ ಎಂದು ಆಗಷ್ಟೇ ಗೊತ್ತಾದವನ ಹಾಗೆ.

"ಆದರೆ," ಎಂದಳು ಉರ್ಸುಲಾ, "ಅರ್ಜಿಗೆ ಮೊದಲೇ ಅದು ನಾಲ್ಕು ಜನರ ಕಣ್ಣೆದುರು ಬಳಕೆಯಲ್ಲಿ ಇದ್ದರೆ ಪೇಟೆಂಟು ಯಾರಿಗೂ ಇಲ್ಲ. ಅವರಿಗೂ ಇಲ್ಲ, ನಿಮಗೂ ಇಲ್ಲ."

"ರಂಪಣಿಯನ್ನು ಬಾಗಿಲು ಹಾಕಿಕೊಂಡು ಎಳೆಯಲಿಕ್ಕಾಗ್ತದಾ ಬಾಯಮ್ಮ?"

ಅವಳು ಪೆನ್ಸಿಲ್ ಕೆಳಗಿಟ್ಟಳು. "ನೋಡಿ. ಅವರು ನಿಮ್ಮಿಂದ ತೆಗೆದುಕೊಂಡದ್ದು ಅಂತ ಈ ತೂತುಗಳೇ ಹೇಳ್ತವೆ. ಅದನ್ನು ಮಾತ್ರ ಹಿಡಿದು ಹೋದರೆ ನಿಮ್ಮ ಹೆಸರಿಗೆ ಕೇಳಲಿಕ್ಕೆ ದಾರಿ ಉಂಟು. ಆಗ ಒಂದು ಪ್ರಶ್ನೆ ಬರ್ತದೆ: ಗುಟ್ಟಾಗಿ ಇಟ್ಟಿದ್ದೆಯಾ, ಎಲ್ಲರೆದುರು ಬಳಸಿದೆಯಾ? ಉತ್ತರ ನಾನು ಹೇಳಿಕೊಡುವ ಹಾಗಿಲ್ಲ. ಪ್ರಮಾಣ ಮಾಡಬೇಕಾದವರು ನೀವು. ನಾಡಿದ್ದು ಬನ್ನಿ. ಒಂದೇ ಸಲ ಕೇಳ್ತೇನೆ, ಹೇಳಿದ್ದನ್ನು ಬರೀತೇನೆ."

ಬಂದರಿನವರೆಗೆ ಇಬ್ಬರೂ ನಡೆದೇ ಹೋದರು. "ಧಣಿಗಳ ಸ್ಟೋರಿಗೆ ಹಗ್ಗ ಕೊಡುವುದು ನೀವೇ ಅಲ್ವಾ?" ಎಂದು ಸೇಸಪ್ಪ ಕೇಳಿದ.

"ಹೌದು. ಇಪ್ಪತ್ತು ವರ್ಷದಿಂದ."

"ಮತ್ತೆ?"

"ಮತ್ತೆಂತ ಮತ್ತೆ? ನಿನ್ನ ದೋಣಿ ಬಂತು, ಹತ್ತು."

ಬೆಂಗ್ರೆಯಲ್ಲಿ ಅಕ್ಕು ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ಗಂಡ ಹೇಳಿದ್ದನ್ನೆಲ್ಲ ಬಗ್ಗಿಕೊಂಡೇ ಕೇಳಿ, ಕೊನೆಗೆ ನೆಟ್ಟಗೆ ನಿಂತಳು.

"ಗುಟ್ಟಾಗಿತ್ತು ಅಂತಲೇ ಹೇಳಿ."

"ಇಡೀ ಬೆಂಗ್ರೆ ನೋಡಿದ್ದು ಅಕ್ಕು."

"ಬೆಂಗ್ರೆ ನೋಡಿದ್ದನ್ನು ಕಲ್ಕತ್ತಾಕ್ಕೆ ಯಾರು ಹೇಳ್ತಾರೆ? ಎರಡು ವರ್ಷ ನಿಮ್ಮ ಪಾಲನ್ನು ಹುಡುಗರ ರಾಶಿಯ ಬದಿಯಿಂದ ಬುಟ್ಟಿಗೆ ತುಂಬಿದವಳು ನಾನು. ತಲೆ ಎತ್ತಲಿಲ್ಲ. ಒಂದು ಹೆಸರು ಬೇಡವಾ ನಿಮಗೆ?"

ಬೇಕಿತ್ತು. ಹಸಿವಿನ ಹಾಗೆ ಬೇಕಿತ್ತು. ಅವನು ದಡಕ್ಕೆ ಇಳಿದ.

ಮಗುಚಿದ ದೋಣಿಯ ನೆರಳಲ್ಲಿ ಅಕ್ಕುವಿನ ತಮ್ಮ ಕಿಟ್ಟು ತನ್ನ ಕಚ್ಚಿಗೆ ಎಣ್ಣೆ ಹಚ್ಚುತ್ತಿದ್ದ. ಹಲಸಿನ ಮರದ್ದು, ಒಳ್ಳೆ ಕೆಲಸ. ಸೇಸಪ್ಪ ಅದನ್ನು ಕೈಗೆ ತಗೊಂಡ. ಈವರೆಗೆ ನೋಡಿಯೂ ನೋಡದ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು.

"ಇದು ದೋಣಿಯ ಹಲಗೆ ಅಲ್ಲವಲ್ಲ. ತೂತು ಎಲ್ಲಿಂದ ಬಂತು?"

"ನಾನೇ ಕೊರೆದೆ."

"ಯಾಕೆ?"

"ನಿನ್ನದರಲ್ಲಿ ಉಂಟಲ್ಲ ಭಾವ! ತೂತು ಇಲ್ಲದಿದ್ದರೆ ಹಗ್ಗ ಜಾರುವುದಿಲ್ಲವಾ?"

ಸೇಸಪ್ಪನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಕಿಟ್ಟು ಕಚ್ಚನ್ನು ವಾಪಸು ಕಿತ್ತುಕೊಂಡು ಕಣ್ಣು ಮಿಟುಕಿಸಿದ. "ಹಗ್ಗದ ಬ್ಯಾರಿಗಳು ಮೊನ್ನೆಯೇ ಹೇಳಿದ್ರು, ನಿನ್ನ ಹೆಸರಿಗೇ ಆಗ್ತದಂತೆ. ಇನ್ನು ನೀನೇ ನಮ್ಮ ಧಣಿ. ನಾಳೆಯಿಂದ ನಿನ್ನ ಹತ್ತಿರ ಚೀಟಿ ತಗೊಂಡು ಹಗ್ಗ ಹಿಡಿಯಬೇಕಾ, ಅಥವಾ ಬಿಸ್ಕತ್ತು ಕೊಟ್ಟರೆ ಸಾಕಾ?"

ತಮಾಷೆಯೇ. ಆದರೆ ಆ ತಮಾಷೆ ಸೇಸಪ್ಪನ ಮೈಗೆ ಅಂಟಿಕೊಂಡಿತು. ಅವನು ದೋಣಿಯಿಂದ ದೋಣಿಗೆ ಹೋದ. ಹಲಸು, ಮಾವು, ಯಾರದೋ ಮನೆಯ ಬಾಗಿಲ ದಾರಂದದ ತುಂಡು. ಉಪ್ಪು ತಿಂದು ಬಿಳುಚಿದ ಹಳೆಯವು, ಇನ್ನೂ ಮರದ ವಾಸನೆಯ ಹೊಸವು. ತನ್ನದೂ ಸೇರಿ ಮೂವತ್ತೊಂದು ಕಚ್ಚು. ಮೂವತ್ತೊಂದಕ್ಕೂ ಎರಡೆರಡು ತೂತು. ದೋಣಿಗಳ ಆಚೆ ರಂಪಣಿ ಬಲೆ ಒಣಗಲು ಹರಡಿತ್ತು. ಮನೆಮನೆಯಿಂದ ತಂದ ತುಂಡುಗಳನ್ನು ಸೇರಿಸಿ ಹೊಲಿದ ಬಲೆ. ಅದರಲ್ಲಿ ಅವನ ಮನೆಯ ತುಂಡು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಹಾಗಂತ ಯಾವನೂ ತನ್ನ ತುಂಡನ್ನು ಕತ್ತರಿಸಿಕೊಂಡು ಹೋದದ್ದಿಲ್ಲ.

ಮನೆಗೆ ಬಂದು ಅಕ್ಕುವಿಗೆ ಹೇಳಿದ: "ನಿನ್ನ ದೊಡ್ಡ ಬುಟ್ಟಿ ತೊಳೆದಿಡು. ನಾಡಿದ್ದು ಬೆಳಿಗ್ಗೆ ಬೇಕು."

ಅಕ್ಕು ಅವನ ಮುಖ ನೋಡಿದಳು. ಬುಟ್ಟಿಯನ್ನು ಹಿತ್ತಿಲಿಗೆ ಒಯ್ದಳು. ಅವಳು ಅದನ್ನು ತಿಕ್ಕಿದ ರಭಸಕ್ಕೆ ಸೇಸಪ್ಪ ಆ ಕಡೆ ಹೋಗಲಿಲ್ಲ.

ಹೇಳಿದ ದಿನ ಬೆಳಿಗ್ಗೆ ಮಾಳಿಗೆಯ ಮೆಟ್ಟಿಲು ಹತ್ತಿ ಬಂದ ಮೀನಿನ ವಾಸನೆಗೆ ಅಚ್ಚುಕೂಟದವರು ತಲೆ ಹೊರಗೆ ಹಾಕಿದರು. ಅಕ್ಕು ಬುಟ್ಟಿಯನ್ನು ತಲೆಯಿಂದ ಇಳಿಸಿ ಉರ್ಸುಲಾಳ ಮೇಜಿನ ಮೇಲೆ ಸುರಿದಳು. ಮೂವತ್ತು ಕಚ್ಚುಗಳು ಕಾನೂನಿನ ಪುಸ್ತಕಗಳ ಮೇಲೆ ಉರುಳಿದವು.

ಉರ್ಸುಲಾ ಒಂದನ್ನೆತ್ತಿ ನೋಡಿದಳು, ಇನ್ನೊಂದನ್ನು, ಮತ್ತೊಂದನ್ನು. ಈ ಸಲ ಅವಳಿಗೂ ನಗು ತಡೆಯಲಿಲ್ಲ. "ಎಲ್ಲದಕ್ಕೂ ತೂತು!"

"ನೀರು ಬಸಿಯಲಿಕ್ಕೆ," ಎಂದರು ಅಬ್ದುಲ್ ರಹ್ಮಾನ್, ಗಂಭೀರವಾಗಿ. ಆಮೇಲೆ ಕೋಟಿನ ಒಳಕಿಸೆಯಿಂದ ಒಂದು ಅಂಚೆಕಾರ್ಡು ತೆಗೆದರು. ಮಧ್ಯದಲ್ಲಿ ತಂತಿಗೆ ಚುಚ್ಚಿಟ್ಟ ಗುರುತು. "ಇದು ಆಲೆಪ್ಪಿಯ ಹಗ್ಗದ ಕಾರ್ಖಾನೆಯಿಂದ ಬಂದದ್ದು. ನಿಮ್ಮ ಹಗ್ಗ ಬೇಗ ಸವೆಯುತ್ತದೆ ಅಂತ ಈ ಬೆಂಗ್ರೆಯವರು ನನ್ನ ಹತ್ತಿರ ಜಗಳಕ್ಕೆ ಬಂದಿದ್ದರು. ನಾನು ಅಲ್ಲಿಗೆ ಬರೆದೆ. ನಿಮ್ಮ ಊರಿನ ಮೀನುಗಾರರು ಮರದ ಕಚ್ಚು ಹಾಕಿ ಎಳೆಯುವುದರಿಂದ ಹಗ್ಗ ಸವೆಯುತ್ತದೆ, ನಮ್ಮ ತಪ್ಪಲ್ಲ ಅಂತ ಅವರ ಉತ್ತರ. ಮೊಹರು ನೋಡಿ. ಐವತ್ತೆಂಟನೇ ಇಸವಿ."

ಧಣಿಗಳ ಅರ್ಜಿ ಅರವತ್ತರದ್ದು. ಉರ್ಸುಲಾ ಕಾರ್ಡನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು. "ಇದನ್ನು ಕೊಟ್ಟರೆ ಸ್ಟೋರಿನವರು ನಿಮ್ಮಿಂದ ಹಗ್ಗ ತೆಗೆದುಕೊಳ್ಳುವುದಿಲ್ಲ ಇನ್ನು."

"ನಾನು ನಿನ್ನೆಯೇ ನಿಲ್ಲಿಸಿ ಆಯಿತು."

ಅವಳು ಕಾಗದ ಎಳೆದುಕೊಂಡಳು. "ಸೇಸಪ್ಪ, ಒಂದೇ ಸಲ ಕೇಳ್ತೇನೆ. ಗುಟ್ಟಾಗಿ ಇಟ್ಟಿದ್ದಿರಾ, ಎಲ್ಲರೆದುರು ಬಳಸಿದಿರಾ?"

"ಎಲ್ಲರೆದುರು. ಹಾಡುಹಗಲು. ಐದು ಹಂಗಾಮು."

"ಇದನ್ನು ಬರೆದ ಮೇಲೆ ಅದು ಯಾವತ್ತಿಗೂ ನಿಮ್ಮ ಹೆಸರಿಗೆ ಬರುವುದಿಲ್ಲ. ಗೊತ್ತುಂಟಲ್ಲ?"

"ಅವರ ಹೆಸರಿಗೂ ಬರುವುದಿಲ್ಲ ಅಲ್ವಾ?"

"ಗೆದ್ದರೆ."

"ಬರೆಯಿರಿ."

ಅಕ್ಕು ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಮೊದಲು ಕೆತ್ತಿದವರು ಯಾರು, ಯಾವಾಗ, ಯಾವ ಮರದಲ್ಲಿ ಎಂದು ಉರ್ಸುಲಾ ಕೇಳುತ್ತ ಹೋದಳು; ಪೆನ್ನು ಹಾಳೆಯ ಮೇಲೆ ಸರಸರ ಓಡಿತು. ಅವಳು ನಿಲ್ಲಿಸಿದಾಗ ಅಕ್ಕು ತಿರುಗದೆಯೇ ಕೇಳಿದಳು: "ಇವರ ಹೆಸರು ಅದರಲ್ಲಿ ಎಲ್ಲಿ ಉಂಟು?"

ಉರ್ಸುಲಾ ಹಾಳೆಯನ್ನು ಅವಳ ಕಡೆ ಸರಿಸಿ ಪೆನ್ಸಿಲಿನಿಂದ ತೋರಿಸಿದಳು. ಅಕ್ಕು ಬಗ್ಗಿ ನೋಡಿದಳು. ಓದಲು ಅವಳಿಗೂ ಬರುತ್ತಿರಲಿಲ್ಲ. ತುಂಬ ಹೊತ್ತು ನೋಡಿದಳು.

ಸೇಸಪ್ಪ ಎಡಗೈಯ ಹೆಬ್ಬೆಟ್ಟು ಒತ್ತಿದ. ಉಳಿದವರ ಹೇಳಿಕೆ ಬರೆಸಲು ತಾನೇ ಬೆಂಗ್ರೆಗೆ ಬರುವುದಾಗಿ ಉರ್ಸುಲಾ ಹೇಳಿದಳು. ಕಚ್ಚುಗಳೆಲ್ಲ ಸಾಕ್ಷಿ, ಕಲ್ಕತ್ತಾಕ್ಕೆ ಹೋಗಬೇಕು. "ಮೊದಲನೆಯದು?" ಎಂದಳು. ಅವನು ಸೊಂಟದ ಪಟ್ಟಿಗೆ ಕೈ ಹಾಕಿದ. ಗಂಟು ಬಿಚ್ಚಲು ಮಡಚಿದ ಬೆರಳುಗಳಿಗೆ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ದೋಣಿಹಲಗೆಯ ಆ ಕರಿ ತುಂಡನ್ನು ಅವನು ಕಬ್ಬಿಣದ ಕಚ್ಚಿನ ಪಕ್ಕದಲ್ಲಿಟ್ಟ.

ಅವರು ಬೆಂಗ್ರೆ ತಲುಪುವಾಗ ಬಂಗುಡೆಯ ಹಿಂಡು ಕಂಡು ಬಲೆ ಬಿಟ್ಟಾಗಿತ್ತು. ಹಗ್ಗದ ಎರಡೂ ತುದಿ ದಡಕ್ಕೆ ಬಂದಿತ್ತು, ನೂರು ಮಂದಿ ಬರಿಗೈಯಲ್ಲಿ ಹಿಡಿದಿದ್ದರು. ಹೊಸ ಕಚ್ಚು ಕೆತ್ತಲು ಎರಡು ದಿನ ಬೇಕು. ಮೀನು ಕಾಯುವುದಿಲ್ಲ. ಹಗ್ಗದ ತಲೆಯಲ್ಲಿ, ಸೇಸಪ್ಪ ನಿಲ್ಲುತ್ತಿದ್ದ ಕಡೆ, ಒಬ್ಬನಷ್ಟು ಜಾಗ ಖಾಲಿ ಇತ್ತು. ಅದರ ಹಿಂದೆ ನಿಂತಿದ್ದ ಕಿಟ್ಟು ಮುಂದೆ ಸರಿದಿರಲಿಲ್ಲ.

ಸೇಸಪ್ಪ ಅಂಗಿ ಕಳಚಿ ದೋಣಿಯ ಮೇಲೆ ಎಸೆದ. ಆ ಜಾಗಕ್ಕೆ ಹೋಗಿ, ಒದ್ದೆ ಹಗ್ಗವನ್ನು ಬಲ ಮೊಳಕೈಗೆ ಒಂದು ಸುತ್ತು ಹಾಕಿ, ಎಡಗೈಯಿಂದ ಬಿಗಿಹಿಡಿದ. ಹಿಂದೆ ಮರಳಿನಲ್ಲಿ ಬುಟ್ಟಿ ಕವುಚಿ ಇಟ್ಟ ಸದ್ದಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದ ಅಕ್ಕು ಅವನಿಗೂ ಕಿಟ್ಟುವಿಗೂ ನಡುವೆ ನುಗ್ಗಿ ಹಗ್ಗಕ್ಕೆ ಕೈ ಹಾಕಿದಳು.

ಗುರಿಕಾರ ಕೂಗು ಕೊಟ್ಟ. ಎಲ್ಲರೂ ಹಿಂದಕ್ಕೆ ವಾಲಿದರು. ಹಗ್ಗ ಒಂದು ಮೊಳ ಮೇಲೆ ಬಂತು.