ಬಾರಕ್ಕೆ ಸೊನ್ನೆ

ಶಾಮಿಯಾನದವನು ಬೆಳಿಗ್ಗೆ ಏಳಕ್ಕೇ ಬಂದು ಕುರ್ಚಿ ಎಣಿಸಿದ. ನಲವತ್ತರಲ್ಲಿ ಒಂದು ಕಮ್ಮಿ. ಮತ್ತೊಮ್ಮೆ ಎಣಿಸಿದ. ಆಮೇಲೆ ಅಂಗಳದ ಮೂಲೆಗೆ ನೋಡಿ ತಲೆ ಕೆರೆದುಕೊಂಡು ನಿಂತ. ನಲವತ್ತನೆಯದರ ಮೇಲೆ ರಜನಿ ಕೂತಿದ್ದಳು.

“ಇರ್ಲಿ ಬಿಡ್ರೀ ಅಕ್ಕಾ, ಮತ್ತೆ ಬರ್ತೀನಿ,” ಎಂದ.

ಅವಳು ಎದ್ದು ಕೊಟ್ಟಳು. ಗಂಡ ಉದಯನನ್ನು ಮಣ್ಣು ಮಾಡಿ ಹನ್ನೆರಡು ದಿನವಾಗಿತ್ತು. ಹಿಂದಿನ ದಿನ ಕಾರ್ಯ ಮುಗಿಸಿಕೊಂಡು ನೆಂಟರೆಲ್ಲ ಹೊರಟು, ಶಿಕಾರಿಪುರದ ಆ ಮನೆಯಲ್ಲಿ ಅವಳೂ ಅತ್ತೆ ಲೋಕಮ್ಮನೂ ಇಬ್ಬರೇ ಉಳಿದಿದ್ದರು. ಮೂವತ್ತಾರು ವರ್ಷದ ಗಂಡಸು ಎದೆ ಹಿಡಿದುಕೊಂಡು ಹೋದದ್ದಕ್ಕೆ ಹನ್ನೊಂದು ದಿನ ಊರೆಲ್ಲ ಅತ್ತಿತ್ತು. ರಜನಿಗೆ ಮಾತ್ರ ಅಳು ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಂತೆ ಮೈಯೆಲ್ಲ ಜೋಮು ಹಿಡಿದಿತ್ತು.

“ನಿನ್ನ ಪರೀಕ್ಷೆ ಪುಸ್ತಕ ಕೊಡಾದು ಯಾವತ್ತು?” ಒಲೆ ಮುಂದಿನಿಂದ ಲೋಕಮ್ಮ ಕೇಳಿದಳು.

“ನಾಳೆ, ಅತ್ತೆ.”

“ನಾಳೆ ಅಂದ್ರೆ ನಾಳೆನಾ?”

ನಾಳೆಯೇ. ರಜನಿಯ ಅರ್ಥಶಾಸ್ತ್ರದ ಎಂ.ಎ. ಒಂದೇ ಒಂದು ಪತ್ರಿಕೆಯಲ್ಲಿ ಸಿಕ್ಕಿಕೊಂಡು ನಾಲ್ಕು ವರ್ಷವಾಗಿತ್ತು. ಅದು ಸಂಖ್ಯಾಶಾಸ್ತ್ರ. ಎರಡು ಸಲ ಫೇಲು. ಇದು ಕೊನೆಯ ಅವಕಾಶ. ಈ ಸಲವೂ ತಪ್ಪಿದರೆ ಪಾಸಾದ ಹದಿನೈದು ಪತ್ರಿಕೆಗಳೂ ಹೋದಂತೆ. ನಾಳೆ ನಾಲ್ಕು ಗಂಟೆಯೊಳಗೆ ಸೊರಬದ ಕಾಲೇಜಿಗೆ ಪ್ರಾಕ್ಟಿಕಲ್ ರೆಕಾರ್ಡು ತಲುಪದಿದ್ದರೆ ಹಾಲ್ ಟಿಕೆಟ್ಟೇ ಇಲ್ಲ. ಆ ಕಾಲೇಜಿನಲ್ಲೇ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಉದಯ ದಿನಾ ಸಂಜೆ ಅವಳನ್ನು ಕೂರಿಸಿಕೊಂಡು ಹತ್ತೊಂಬತ್ತು ಪ್ರಯೋಗ ಮಾಡಿಸಿದ್ದ. ಇಪ್ಪತ್ತನೆಯದು ಬಾಕಿ.

ಪಠ್ಯದಲ್ಲಿ ಅದು ನಾಲ್ಕು ನಾಣ್ಯ ಚಿಮ್ಮುವ ಪ್ರಯೋಗ. “ನಾಣ್ಯ ಎಲ್ಲರೂ ಮಾಡ್ತಾರೆ, ನಾವು ಕವಡೆ ಎಸೆಯೋಣ” ಎಂದು ಉದಯ ಸೊರಬದ ಇಮಾಂಬೀ ಎಂಬ ಮುದುಕಿಯ ಹತ್ತಿರ ನಾಲ್ಕು ಕವಡೆ ಎರವಲು ತಂದಿದ್ದ. ರೆಕಾರ್ಡಿನ ಕೊನೆಯ ಪುಟದಲ್ಲಿ ತಾನೇ ತಲೆಬರಹವನ್ನೂ ಬರೆದಿದ್ದ: ನಾಲ್ಕು ಕವಡೆ, ಇನ್ನೂರು ಎಸೆತ, ಪ್ರತಿ ಎಸೆತದಲ್ಲಿ ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವು?

ರಜನಿ ಸುಮ್ಮನೆ ಅಂಕಿ ಕಟ್ಟಿ ಬರೆಯಲು ಕೂತಳು. ಎರಡು, ಮೂರು, ಒಂದು, ಎರಡು. ಇಪ್ಪತ್ತು ಬರೆಯುವಷ್ಟರಲ್ಲಿ ಸಾಕಾಯಿತು. ಕಟ್ಟಿದ ಅಂಕಿ ಸಾಲಾಗಿ ಕೂತ ಶಾಲೆ ಮಕ್ಕಳ ಹಾಗೆ ಕಾಣುತ್ತಿತ್ತು.

“ಎಸೆದೇ ಬರೀಬೇಕು, ಅತ್ತೆ.”

“ಕವಡೆ ಎಸೆಯಾದು ಕಲಿಸಾಕೆ ಯೂನಿವರ್ಸಿಟಿ ಬೇಕಾ? ನಾನು ಆರು ವರ್ಷಕ್ಕೇ ಕಲ್ತಿದ್ದೆ.”

ಲೋಕಮ್ಮ ಚೌಕಾಬಾರದಲ್ಲಿ ಬೀದಿಗೇ ದೊಡ್ಡ ಕೈ. ಆದರೆ ಸತ್ತ ಮನೆಯಲ್ಲಿ ಕವಡೆ ಸದ್ದು ಕೇಳಬಾರದಲ್ಲ. ಅದಕ್ಕೇ ಬಾಗಿಲು ಮುಂದೆ ಮಾಡಿ, ಕಂಬಳಿ ಹಾಸಿದಳು. ಎಸೆಯುವುದು ಸೊಸೆ, ಬರೆಯುವುದು ತಾನು ಎಂದು ಅವಳೇ ತೀರ್ಮಾನಿಸಿ, ಹಳೆ ಕ್ಯಾಲೆಂಡರಿನ ಹಾಳೆ ತಿರುವಿಕೊಂಡು ಪೆನ್ಸಿಲು ಹಿಡಿದಳು.

ರಜನಿ ಎಸೆದಳು. ಏನು ಬಿತ್ತೆಂದು ನೋಡಲಿಲ್ಲ. ಕುಲುಕುವುದು, ಎಸೆಯುವುದು, ಬಾಚಿಕೊಳ್ಳುವುದು. ಮಧ್ಯೆ ಒಮ್ಮೊಮ್ಮೆ ಅತ್ತೆ “ಇನ್ನೊಂದು ಎಸಿ” ಎನ್ನುತ್ತಿದ್ದಳು, ಅವಳು ಎಸೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಲೋಕಮ್ಮ “ಇನ್ನೂರಾತು” ಎಂದು ಸೊಂಟ ನೆಟ್ಟಗೆ ಮಾಡಿಕೊಂಡಳು.

ರಜನಿ ಹಾಳೆ ನೋಡಿದಳು. ಎರಡು. ಒಂದು. ಹನ್ನೊಂದು.

“ಅತ್ತೆ, ಹನ್ನೊಂದು ಎಲ್ಲಿಂದ ಬಂತು?”

“ಬಾರ ಬಿತ್ತು, ಎಂಟು. ಮೇಲೆ ಮೂರು ಬಿತ್ತು. ಎಂಟು ಮೂರು ಹನ್ನೊಂದು.”

“ಇರೋದೇ ನಾಲ್ಕು ಕವಡೆ! ಹನ್ನೊಂದು ಬಾಯಿ ಎಲ್ಲಿಂದ ತರಾದು?”

“ಬಾಯಿ ಯಾರು ಎಣಿಸ್ತಾರೆ? ನಾನು ಆಟ ಎಣಿಸಿದೀನಿ.”

ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಮತ್ತೊಂದು ಎಸೆತ ಉಂಟು. ಲೋಕಮ್ಮ ಅದನ್ನೆಲ್ಲ ನ್ಯಾಯವಾಗಿ ಕೂಡಿಸಿ ಬರೆದಿದ್ದಳು. ಒಂದು ಕಡೆ ಹತ್ತೊಂಬತ್ತು ಅಂತಲೂ ಇತ್ತು.

“ಬಾರ ಬಿದ್ರೆ ಒಂದು ಬಾಯೂ ಮೇಲಿರಲ್ಲ. ಅದಕ್ಕೆ ಸೊನ್ನೆ ಬರೀಬೇಕು, ಅತ್ತೆ.”

ಲೋಕಮ್ಮ ಪೆನ್ಸಿಲು ಕೆಳಗಿಟ್ಟಳು. “ಬಾರಕ್ಕೆ ಸೊನ್ನೆನಾ? ಯಾವ ಊರ ನ್ಯಾಯ ಇದು? ಹೊಡೆದಾಟ ಆಗ್ತಾವೆ!”

“ಇಲ್ಲೊಂದು ಗೀಟು ಎಳೆದೀರಲ್ಲ, ಇದೇನು?”

“ಮೂರು ಸಲ ಒಂದರ ಹಿಂದೆ ಒಂದು ಬಾರ ಬಿತ್ತು. ಮೂರು ಬಿದ್ರೆ ಸುಟ್ಟೋತು. ಸುಟ್ಟಿದ್ದನ್ನ ಬರೆಯಾಕೆ ನಾನೇನು ಹುಚ್ಚಿನಾ?”

ರಜನಿಗೆ ಹೊಟ್ಟೆಯೊಳಗೆಲ್ಲೋ ಒಂದು ಗುಳ್ಳೆ ಎದ್ದಂತಾಯಿತು. ಅದು ಅಳುವೇ ಇರಬೇಕೆಂದು ಅವಳು ಸೆರಗು ಬಾಯಿಗೊತ್ತಿಕೊಂಡಳು. ಹೊರಗೆ ಬಂದದ್ದು ನಗು. ಸಂಖ್ಯಾಶಾಸ್ತ್ರದಲ್ಲಿ ಸುಟ್ಟುಹೋಗುವ ಎಸೆತ! ಅವಳು ನಕ್ಕಳು, ಬಿಕ್ಕಳಿಸಿದಳು, ಮತ್ತೆ ಹಾಳೆ ನೋಡಿ ಹತ್ತೊಂಬತ್ತು ಬಾಯಿ ಕಂಡು ಕಂಬಳಿಯ ಮೇಲೆ ಉರುಳಿದಳು. ಮೊದಮೊದಲು “ಯಾರಾದ್ರು ಕೇಳಿಸ್ಕೊಂಡಾರು, ಸುಮ್ನಿರೇ” ಎಂದು ಹೆದರಿಸಿದ ಲೋಕಮ್ಮನ ಹೊಟ್ಟೆಯೂ ಕುಣಿಯತೊಡಗಿತು.

ಆಗಲೇ ಬಾಗಿಲು ತಳ್ಳಿಕೊಂಡು ಬಂದವನು ಪರಮಶಿವಪ್ಪ. ಲೋಕಮ್ಮನ ದೊಡ್ಡಪ್ಪನ ಮಗ, ಉಡುತಡಿಯವನು. ಕಾರ್ಯಕ್ಕೆ ಬರಲಾಗದೆ ಇವತ್ತು ಮಾತಾಡಿಸಿಕೊಂಡು ಹೋಗಲು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದಿದ್ದ. ಅಳುಮುಖ ಸಿದ್ಧಮಾಡಿಕೊಂಡಿದ್ದವನು ಕಂಬಳಿ ನೋಡಿದ, ಕವಡೆ ನೋಡಿದ, ಉರುಳಾಡುತ್ತಿದ್ದ ವಿಧವೆಯನ್ನು ನೋಡಿದ.

“ಏನ್ರವ್ವಾ ಇದು? ಜನ ಏನಂದಾರು?”

“ಯೂನಿವರ್ಸಿಟಿ ಕೆಲಸ, ಅಣ್ಣ,” ಕಣ್ಣೊರೆಸಿಕೊಳ್ಳುತ್ತ ಲೋಕಮ್ಮ ಹೇಳಿದಳು. “ಮಗ ಹಚ್ಚಿ ಹೋಗಿದ್ದು. ನಾಳೆ ಕೊಡದಿದ್ರೆ ಇವಳು ಓದಿದ್ದೆಲ್ಲ ಮಣ್ಣು. ಸುಮ್ನೆ ಯಾಕೆ ನಿಂತೀಯ, ನೀನು ಬರಿ.”

ಮತ್ತೆ ಮೊದಲಿನಿಂದ. ಈಗ ರಜನಿ ಎಸೆಯುವುದು, ಲೋಕಮ್ಮ ಬಾಯಿ ಎಣಿಸಿ ಕೂಗುವುದು, ಪರಮಶಿವಪ್ಪ ಬರೆಯುವುದು. ಅವನು ಮೊದಲು ಮುಖ ಗಂಟಿಕ್ಕಿಕೊಂಡೇ ಬರೆದ. ಮೂವತ್ತನೇ ಎಸೆತಕ್ಕೆ ಗಂಟು ಬಿಚ್ಚಿತು. ಐವತ್ತಕ್ಕೆ, “ಮಣಿಕಟ್ಟು ತಿರುವಬೇಕು, ಮಗಳೇ, ಹಂಗೆ ಸುರೀಬಾರದು” ಎಂದ. ಎಪ್ಪತ್ತಕ್ಕೆ ಬಾರ ಬಿದ್ದಾಗ ಕಂಬಳಿ ಕುಟ್ಟಿ “ಬಿತ್ತು ನೋಡು!” ಎಂದು ಕೂಗಿ, ಸೊನ್ನೆ ಬರೆಯುವಾಗ ಸಂಕಟಪಟ್ಟ.

“ಅನ್ಯಾಯ ಕಣವ್ವ.”

“ಬರಿ, ಬರಿ.”

ನೂರಾ ನಲವತ್ತರ ಆಸುಪಾಸಿನಲ್ಲಿ ಬಾರ ಬಿತ್ತು. ಮತ್ತೆ ಬಾರ. ಮತ್ತೆ ಬಾರ. ಪರಮಶಿವಪ್ಪ ಪೆನ್ಸಿಲು ಎತ್ತಿ ಲೋಕಮ್ಮನ ಮುಖ ನೋಡಿದ. ಸುಟ್ಟೋತು ಎಂದು ಯಾರೂ ಅನ್ನಲಿಲ್ಲ.

“ಬರಿ ಅಣ್ಣ,” ಲೋಕಮ್ಮ ಮೆಲ್ಲಗೆ ಹೇಳಿದಳು. “ಸುಟ್ಟಿದ್ದೂ ಲೆಕ್ಕಕ್ಕೇ.”

ಇನ್ನೂರು ಮುಗಿದಾಗ ಸೊನ್ನೆ ಬಾಯಿ ಇಪ್ಪತ್ತೆಂಟು, ಒಂದು ಅರವತ್ತಾರು, ಎರಡು ಎಪ್ಪತ್ತೊಂದು, ಮೂರು ಇಪ್ಪತ್ತೊಂಬತ್ತು, ನಾಲ್ಕು ಬರೀ ಆರು. ಕವಡೆಯೂ ನಾಣ್ಯದ ಹಾಗೆ ಅರ್ಧಕ್ಕರ್ಧ ಬೀಳುವುದಾದರೆ ಬಾರವೂ ಚೌಕವೂ ಹನ್ನೆರಡೂವರೆಯಂತೆ ಸಮ ಬರಬೇಕಿತ್ತು. ರಜನಿ ವ್ಯತ್ಯಾಸಗಳ ವರ್ಗ ಮಾಡಿ, ಭಾಗಿಸಿ, ಕೂಡಿದಳು. ಅರ್ಧಕ್ಕರ್ಧ ನಿಜವಾಗಿದ್ದರೆ ಒಂಬತ್ತೂವರೆ ದಾಟಬಾರದ ಮೊತ್ತ ಮೂವತ್ತಾರು ಮುಕ್ಕಾಲು ಬಂತು. ಮೂರು ಸಲ ಮಾಡಿದಳು, ಮೂರು ಸಲವೂ ಮೂವತ್ತಾರು ಮುಕ್ಕಾಲು. ಪುಸ್ತಕದ ಅರ್ಧ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ಎಷ್ಟು? ಇನ್ನೂರು ಎಸೆತದ ಎಂಟುನೂರು ಕವಡೆಯಲ್ಲಿ ಬಾಯಿ ಮೇಲಾದದ್ದು ಮುನ್ನೂರ ಹತ್ತೊಂಬತ್ತು. ಹತ್ತಿರ ಹತ್ತಿರ ಹತ್ತಕ್ಕೆ ನಾಲ್ಕು. ಆ ಲೆಕ್ಕ ಹಿಡಿದು ಮತ್ತೆ ಹಾಕಿದಾಗ ಬರಬೇಕಾದದ್ದು ಇಪ್ಪತ್ತಾರು, ಅರವತ್ತೊಂಬತ್ತು, ಅರವತ್ತೊಂಬತ್ತು, ಮೂವತ್ತೊಂದು, ಐದು. ಬಂದದ್ದರ ಪಕ್ಕದಲ್ಲೇ ಬಂದು ಕೂತವು. ನಾಲ್ಕು ವರ್ಷ ಅವಳನ್ನು ಸತಾಯಿಸಿದ ಪತ್ರಿಕೆ ಕಂಬಳಿಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

“ಅತ್ತೆ, ಬಾರ ಸುಲಭ, ಚೌಕ ಕಷ್ಟ!”

“ಇದನ್ನ ಕಂಡ್ಹಿಡಿಯಾಕೆ ಇಷ್ಟು ಹೊತ್ತು ಬೇಕಾತಾ?” ಎಂದು ಲೋಕಮ್ಮ ಬಾಳೆಹಣ್ಣು ಸುಲಿದು ಕೊಟ್ಟಳು.

ಮರುದಿನ ಸೊರಬದ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ ಮಹೇಶ್ವರಪ್ಪ ರೆಕಾರ್ಡಿನ ಕೊನೆಯ ಪುಟ ತೆರೆದು ಕನ್ನಡಕ ಸರಿಮಾಡಿಕೊಂಡರು.

“ಗೈಡಲ್ಲಿ ಅರ್ಧ ಅಂತ ಇದೆಯಲ್ರೀ. ಎಲ್ರಿಗೂ ಅರ್ಧವೇ ಬಂದಿದೆ. ತಿದ್ದಿ ತರೋದಾದ್ರೆ ನಾಲ್ಕು ಗಂಟೆವರೆಗೂ ಟೈಮಿದೆ.”

ರಜನಿ ಚೀಲಕ್ಕೆ ಕೈ ಹಾಕಿದಳು. “ತಿದ್ದಲ್ಲ, ಸಾರ್. ಬೇಕಾದ್ರೆ ನೀವೇ ಎಸೆದು ನೋಡಿ,” ಎಂದು ಮೇಜಿನ ಮೇಲೆ ನಾಲ್ಕು ಕವಡೆ ಇಟ್ಟಳು.

ಅವರು ಬಾಗಿಲ ಕಡೆಗೊಮ್ಮೆ ನೋಡಿ ಎಸೆದರು. ಎರಡು. ಮತ್ತೆ ಎಸೆದರು. ಒಂದು. ಆಮೇಲೆ ಬಾರ. ಮಹೇಶ್ವರಪ್ಪನವರು ಕುರ್ಚಿಯಿಂದ ಅರ್ಧ ಎದ್ದು, ಕವಡೆ ಬಾಚಿಕೊಂಡು, “ಇನ್ನೊಂದು ನಂದೇ!” ಎಂದುಬಿಟ್ಟರು. ಆಮೇಲೆ ಕೆಮ್ಮಿ, ಕೂತು, ಅವಳ ಲೆಕ್ಕವನ್ನು ಸಾಲು ಸಾಲಾಗಿ ಓದಿ ಸಹಿ ಹಾಕಿದರು. ಇಪ್ಪತ್ತಕ್ಕೆ ಹದಿನೆಂಟು.

“ಎರಡು ಯಾಕೆ ಹೋಯ್ತು, ಸಾರ್?”

“ಅಕ್ಷರ,” ಎಂದರು.

ಅವಳು ಮೆಟ್ಟಿಲು ಎರಡೆರಡು ಹಾರಿ ಇಳಿದಳು. ಬಸ್‌ಸ್ಟ್ಯಾಂಡಿನ ಹಿಂದೆ ಕೊಡೆ, ಬೀಗ ರಿಪೇರಿ ಮಾಡುವ ಅಬ್ದುಲ್ ರಹೀಮನ ಅಂಗಡಿ. ಅವನ ತಾಯಿ ಇಮಾಂಬೀ ಮುರಿದ ಕೊಡೆಗಳ ನಡುವೆ ಕೂತಿದ್ದಳು. ಅಂಗೈಯಲ್ಲಿದ್ದ ಕವಡೆ ನೋಡಿದ್ದೇ ಮುದುಕಿಗೆ ಬಂದವಳು ಯಾರೆಂದು ತಿಳಿಯಿತು.

“ಮೇಷ್ಟ್ರ ಮನೆಯವಳಾ? ಕೂತ್ಕೋ ಬೇಟಿ. ಸುದ್ದಿ ಕೇಳಿ ಎರಡು ದಿನ ಊಟ ಸೇರಲಿಲ್ಲ ನಂಗೆ.” ಆಮೇಲೆ ಕವಡೆ ಕಡೆ ಬೆರಳು ತೋರಿಸಿ ಕೇಳಿದಳು, “ಇದ್ರಲ್ಲಿ ಏನೋ ಲೆಕ್ಕ ಇದೆ ಅಂತಿದ್ದ. ಸಿಕ್ತಾ?”

“ಸಿಕ್ತು. ಒಂದು ಚೌಕ ಬೀಳೋದ್ರೊಳಗೆ ನಾಲ್ಕೈದು ಬಾರ ಬೀಳ್ತಾವೆ.”

“ಅಲ್ಲ ಮಾರಾಯ್ತಿ, ಹಂಗಿದ್ರೆ ಸುಲಭದ್ದಕ್ಕೆ ಎಂಟು ಕೊಟ್ಟು ಕಷ್ಟದ್ದಕ್ಕೆ ನಾಲ್ಕು ಯಾಕೆ ಕೊಟ್ರು?”

ರಜನಿ ಬಾಯಿ ತೆರೆದಳು. ಮತ್ತೆ ಆ ಗುಳ್ಳೆ ಎದ್ದಿತು. ಈ ಸಲ ಅವಳು ಸೆರಗು ಹುಡುಕಲಿಲ್ಲ. ನಗುತ್ತಲೇ, ಕಣ್ಣಿಂದ ಇಳಿಯುತ್ತಿದ್ದುದನ್ನು ಇಳಿಯಲು ಬಿಟ್ಟು, ಒಂದೊಂದಾಗಿ ನಾಲ್ಕು ಕವಡೆಗಳನ್ನೂ ಮುದುಕಿಯ ಅಂಗೈಗೆ ಹಾಕಿದಳು.